ಲಾ ಪಾಸ್‌ಗೆ ಹೋಗೋ ಮುಂಚೆ: ಗಾಳಿ ತೆಳ್ಳಗಿರೋ ಊರಲ್ಲಿ ನಮ್ಮ ಮೈ ಏನ್ಮಾಡತ್ತೆ

2025ರ ಸೆಪ್ಟೆಂಬರ್ 9ಕ್ಕೆ ಬೊಲಿವಿಯಾ ಫುಟ್‌ಬಾಲ್ ಟೀಮು ಬ್ರೆಜಿಲ್‌ನ 1-0ಯಲ್ಲಿ ಸೋಲಿಸ್ತಲ್ಲ, ಆ ಮ್ಯಾಚ್ ನಡೆದಿದ್ದು ಎಲ್ ಆಲ್ಟೊ ಅನ್ನೋ ಊರಲ್ಲಿ, ಸಮುದ್ರಮಟ್ಟದಿಂದ 4,000 ಮೀಟರ್‌ಗೂ ಮೇಲೆ. ಅವತ್ತಿಂದ ನಂಗೆ ಗೊತ್ತಿರೋರೆಲ್ಲ ಕೇಳ್ತಿರೋದು ಒಂದೇ, "ಅಲ್ಲಿ ನಿಜವಾಗ್ಲೂ ಉಸಿರಾಡಕ್ಕಾಗಲ್ವಾ? ನೀನು ಹೋಗಿ ಬಂದಿದೀಯಲ್ಲ, ಹೇಳು." ಇದರ ಜೊತೆಗೆ ಉಯುನಿ ಉಪ್ಪಿನ ಬಯಲಿನ ರೀಲ್ಸ್ ಬೇರೆ, ನೆಲದಲ್ಲೇ ಆಕಾಶ ಕಾಣತ್ತಲ್ಲ ಆ ಜಾಗ, ಅದನ್ನ ನೋಡಿ ಅಮೆರಿಕದಲ್ಲಿರೋ ನಮ್ಮ ಕನ್ನಡದೋರು ಊರಿಂದ ಬಂದಿರೋ ಅಪ್ಪ ಅಮ್ಮನ್ನೂ ಸೇರಿಸ್ಕೊಂಡು ಬೊಲಿವಿಯಾ ಟ್ರಿಪ್ ಪ್ಲಾನ್ ಮಾಡ್ತಾರೆ, ಹೆಚ್ಚಿನೋರು ಹೋಗೋದು ಎಲ್ ಆಲ್ಟೊ ಪಕ್ಕದ ಲಾ ಪಾಸ್ ನಗರದ ಮೂಲಕವೇ. ಅರವತ್ತು ದಾಟಿದ ಅಪ್ಪ ಅಮ್ಮನ್ನ ಒಂದೇ ರಾತ್ರೀಲಿ 4,000 ಮೀಟರ್‌ಗೆ ಕರ್ಕೊಂಡು ಹೋಗೋದು ಅಂದ್ರೆ ಏನು ಅಂತ ಮೊದ್ಲೇ ಗೊತ್ತಿರ್ಬೇಕು. ಅದಕ್ಕೆ ಇದನ್ನ ಬುಡದಿಂದ ಬರೀತಿದೀನಿ.

ನಾನು ಹೋಗಿದ್ದು ಅಕ್ಕ, ಭಾವ, ಅವರ ಮಗನ ಜೊತೆ. ಹುಡುಗ ದಿನಾ ಜಿಮ್‌ಗೆ ಹೋಗೋನು, ಅಕ್ಕನಿಗೆ ಮೂರನೇ ಮಹಡಿಗೆ ಮೆಟ್ಟಿಲು ಹತ್ತಿದ್ರೆ ಮಂಡಿನೋವು. ಹುಷಾರು ತಪ್ಪಿ ಹಾಸಿಗೆ ಹಿಡಿದಿದ್ದು ಹುಡುಗ. ಅಕ್ಕ ಆರಾಮಾಗಿದ್ಳು. ಯಾಕೆ ಹೀಗೆ ಅಂತ ಮುಂದೆ ಹೇಳ್ತೀನಿ.

ಎತ್ತರದ ಲೆಕ್ಕ

ಬೆಂಗಳೂರು ಇರೋದು ಸುಮಾರು 920 ಮೀಟರ್ ಎತ್ತರದಲ್ಲಿ. ಕರ್ನಾಟಕದಲ್ಲಿ ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಲಾ ಪಾಸ್ ನಗರದ ಮಧ್ಯಭಾಗ ಸುಮಾರು 3,640 ಮೀಟರ್, ಅಂದ್ರೆ ಮುಳ್ಳಯ್ಯನಗಿರಿ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ರೆ ಹೆಚ್ಚುಕಮ್ಮಿ ಅಷ್ಟಾಗತ್ತೆ. ಅಲ್ಲಿ ಲಕ್ಷಾಂತರ ಜನ ಆಫೀಸಿಗೆ ಹೋಗ್ತಾರೆ, ಮಕ್ಕಳು ಸ್ಕೂಲಲ್ಲಿ ಓಡಾಡ್ತಾರೆ, ಮದುವೆ ಮೆರವಣಿಗೇಲಿ ಕುಣೀತಾರೆ. ಬೊಲಿವಿಯಾದ ಸಂವಿಧಾನದ ಪ್ರಕಾರ ರಾಜಧಾನಿ ಸುಕ್ರೆ ಅನ್ನೋ ಊರು, ಆದ್ರೆ ಸರ್ಕಾರ ನಡೆಯೋದು ಲಾ ಪಾಸ್‌ನಿಂದ.

"ನಾವು ಲೇಹ್‌ಗೆ ಹೋಗಿದ್ವಿ, ಏನೂ ಆಗ್ಲಿಲ್ಲ" ಅಂತ ಬಹಳ ಜನ ಹೇಳ್ತಾರೆ. ಲೇಹ್ ಊರು ಸುಮಾರು 3,500 ಮೀಟರ್, ಹಾಗಾಗಿ ಹೋಲಿಕೆ ಸರಿ ಇದೆ, ಆದ್ರೆ ಒಂದು ವ್ಯತ್ಯಾಸ ನೋಡಿ. ಲೇಹ್ ಏರ್‌ಪೋರ್ಟ್ ಇರೋದು 3,256 ಮೀಟರ್‌ನಲ್ಲಿ, ಊರಿಗಿಂತ ಕೆಳಗೆ. ಲಾ ಪಾಸ್‌ನ ಏರ್‌ಪೋರ್ಟ್ ಇರೋದು ಊರಿಗಿಂತ ಮೇಲೆ, ಎಲ್ ಆಲ್ಟೊದಲ್ಲಿ, 4,061 ಮೀಟರ್. ಪೆರುವಿನ ಲಿಮಾದಿಂದ ಹೊರಟ್ರೆ ಸಮುದ್ರದ ದಡದಿಂದ ಅಷ್ಟೆತ್ತರಕ್ಕೆ ಸುಮಾರು ಎರಡು ಗಂಟೇಲಿ ತಲುಪ್ತೀರ, ವಿಮಾನದ ಬಾಗಿಲು ತೆಗೆದ ಕ್ಷಣವೇ ಲಾ ಪಾಸ್ ಊರಿಗಿಂತಲೂ ಎತ್ತರದ ಜಾಗದಲ್ಲಿ ನಿಂತಿರ್ತೀರ, ಅದೂ ಸೂಟ್‌ಕೇಸ್ ಎಳ್ಕೊಂಡು, ನಿದ್ದೆಗೆಟ್ಟು, ಇಮಿಗ್ರೇಷನ್ ಕ್ಯೂನಲ್ಲಿ.

"ಆಕ್ಸಿಜನ್ ಕಮ್ಮಿ" ಅಂದ್ರೆ ಏನು

ಇಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ಬೆಟ್ಟದ ಮೇಲಿನ ಗಾಳೀಲೂ ಆಕ್ಸಿಜನ್ ಪಾಲು ಅಷ್ಟೇ, ಸುಮಾರು 21 ಪರ್ಸೆಂಟ್, ಮಲ್ಪೆ ಬೀಚಲ್ಲಿ ಎಷ್ಟೋ ಲಾ ಪಾಸಲ್ಲೂ ಅಷ್ಟೇ. ಕಮ್ಮಿ ಆಗೋದು ಗಾಳಿಯ ಒತ್ತಡ.

ನಮ್ಮ ಮನೆಗಳ ತಾರಸಿ ಮೇಲಿನ ಸಿಂಟೆಕ್ಸ್ ಟ್ಯಾಂಕ್ ಯೋಚನೆ ಮಾಡಿ. ನೆಲಮಹಡಿ ನಲ್ಲೀಲಿ ನೀರು ರಭಸವಾಗಿ ಬರತ್ತೆ, ಟ್ಯಾಂಕ್‌ನ ಪಕ್ಕದಲ್ಲೇ ಇರೋ ಮೇಲಿನ ಬಾತ್‌ರೂಮಲ್ಲಿ ಸಣ್ಣಗೆ ಬರತ್ತೆ. ಅದೇ ಟ್ಯಾಂಕು, ಅದೇ ನೀರು, ಆದ್ರೆ ನಲ್ಲಿ ಮೇಲೆ ನಿಂತಿರೋ ನೀರಿನ ಎತ್ತರ ಕಮ್ಮಿ, ಹಾಗಾಗಿ ತಳ್ಳೋ ಶಕ್ತಿ ಕಮ್ಮಿ. ಗಾಳೀನೂ ಹಾಗೇ. ನಮ್ಮ ತಲೆ ಮೇಲೆ ಕಿಲೋಮೀಟರ್‌ಗಟ್ಟಲೆ ಗಾಳಿ ಕೂತಿದೆ, ಅದರ ಭಾರವೇ ಕೆಳಗಿನ ಗಾಳೀನ ಒತ್ತಿ ದಟ್ಟ ಮಾಡೋದು. ಮೇಲೆ ಹತ್ತಿದಷ್ಟೂ ತಲೆ ಮೇಲಿನ ಗಾಳಿ ಕಮ್ಮಿ ಆಗತ್ತೆ, ಸುತ್ತ ಇರೋ ಗಾಳಿ ಸಡಿಲ ಆಗತ್ತೆ, ಒಂದು ಉಸಿರಲ್ಲಿ ಒಳಗೆ ಬರೋ ಆಕ್ಸಿಜನ್ ಕಣಗಳು ಕಮ್ಮಿ ಆಗ್ತವೆ, ಶ್ವಾಸಕೋಶದಿಂದ ರಕ್ತಕ್ಕೆ ಅದನ್ನ ತಳ್ಳೋ ಶಕ್ತೀನೂ ಕಮ್ಮಿ ಆಗತ್ತೆ. ಆಗುಂಬೆ ಘಾಟಿ ಹತ್ತುವಾಗ ಕಿವಿ ಕಟ್ಟಿ 'ಟಪ್' ಅಂತ ಬಿಡೋದು ಇದೇ ಕಾರಣಕ್ಕೆ.

ಸಮುದ್ರದ ದಡದಲ್ಲಿ ಒತ್ತಡ 100 ಅಂತ ಇಟ್ಕೊಳ್ಳಿ. ಬೆಂಗಳೂರಲ್ಲಿ ಅದು ಸುಮಾರು 90. ಮುಳ್ಳಯ್ಯನಗಿರಿ ತುದೀಲಿ 80ರ ಹತ್ತಿರ. ಲಾ ಪಾಸಲ್ಲಿ 65. ಎಲ್ ಆಲ್ಟೊ ಏರ್‌ಪೋರ್ಟಲ್ಲಿ 61. ಅಂದ್ರೆ ಮೂರು ಉಸಿರು ತಗೊಂಡ್ರೆ ನಮ್ಮ ಕರಾವಳೀಲಿ ಎರಡು ಉಸಿರಿಗೆ ಸಿಗೋದು ಸಿಗತ್ತೆ.

ಒಳಗೆ ನಡೆಯೋ ಕೆಲಸ

ಮೈ ಸುಮ್ನೆ ಕೂರಲ್ಲ. ಕುತ್ತಿಗೆಯ ದೊಡ್ಡ ರಕ್ತನಾಳಗಳ ಹತ್ರ ರಕ್ತದ ಆಕ್ಸಿಜನ್ ಅಳೆಯೋ ಪುಟಾಣಿ ಸೆನ್ಸರ್‌ಗಳಿವೆ, ಅವು ಕೆಲವೇ ನಿಮಿಷದಲ್ಲಿ ಮಿದುಳಿಗೆ ಸುದ್ದಿ ಕೊಡ್ತವೆ, ಉಸಿರಾಟ ಜಾಸ್ತಿ ಆಗತ್ತೆ, ಎದೆಬಡಿತ ಏರತ್ತೆ. ನೀವು ಸೋಫಾ ಮೇಲೆ ಕೂತಿದ್ರೂ ಮೆಟ್ಟಿಲು ಹತ್ತಿ ಬಂದೋರ ಥರ ಎದೆ ಡವಡವ ಅನ್ನೋದು ಇದಕ್ಕೆ. ಅಲ್ಲಿವರೆಗೂ ಒಳ್ಳೇದೇ.

ತೊಡಕಾಗೋದು ಇನ್ನೊಂದು ಕಡೆ. ಜಾಸ್ತಿ ಉಸಿರಾಡಿದ್ರೆ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗತ್ತೆ, ರಕ್ತ ಸ್ವಲ್ಪ ಕ್ಷಾರದ ಕಡೆ ವಾಲತ್ತೆ, ಆಗ ಮಿದುಳು "ಸಾಕು, ನಿಧಾನ ಮಾಡು" ಅಂತ ಬ್ರೇಕ್ ಹಾಕತ್ತೆ. ಒಂದು ಕಡೆ ಆಕ್ಸಿಜನ್ ಸಾಲ್ದು ಅಂತ ಆಕ್ಸಿಲರೇಟರ್, ಇನ್ನೊಂದು ಕಡೆ ಬ್ರೇಕು. ಇದು ಚೆನ್ನಾಗಿ ಗೊತ್ತಾಗೋದು ರಾತ್ರಿ. ನಿದ್ದೇಲಿ ಉಸಿರು ಕೆಲವು ಸೆಕೆಂಡ್ ನಿಂತೇ ಹೋಗತ್ತೆ, ಆಮೇಲೆ ಗಾಬರಿಯಿಂದ ಎದ್ದ ಹಾಗೆ ನಾಲ್ಕೈದು ಸಲ ಜೋರಾಗಿ ಎಳ್ಕೊಳ್ತೀವಿ. ಮೊದಲನೇ ರಾತ್ರಿ ಭಾವ ಮಲಗಿದ್ದಾಗ ಹೀಗಾಗಿ ಅಕ್ಕ ನನ್ನ ರೂಮಿಗೆ ಓಡಿ ಬಂದು "ಬಾರೇ ಇಲ್ಲಿ, ಇವರು ಉಸಿರೇ ಆಡ್ತಿಲ್ಲ" ಅಂದಾಗ ನನಗೂ ಜೀವ ಬಾಯಿಗೆ ಬಂದಿತ್ತು. ಹೊಸದಾಗಿ ಎತ್ತರಕ್ಕೆ ಹೋದ ಬಹಳ ಜನರಿಗೆ ಹೀಗಾಗತ್ತೆ ಅಂತ ಗೊತ್ತಾಗಿದ್ದು ಆಮೇಲೆ. ಮೊದ್ಲೇ ಗೊತ್ತಿದ್ದಿದ್ರೆ ಅವತ್ತು ರಾತ್ರಿ ಮೂವರೂ ನಿದ್ದೆ ಮಾಡ್ತಿದ್ವಿ.

ಈ ಬ್ರೇಕ್ ಬಿಡಿಸೋ ಕೆಲಸ ಕಿಡ್ನಿದು. ಅದು ರಕ್ತದಲ್ಲಿರೋ ಕ್ಷಾರದ ಅಂಶಾನ ಮೂತ್ರದಲ್ಲಿ ಹೊರಗೆ ಹಾಕತ್ತೆ, ಅದಕ್ಕೇ ಮೊದಲೆರಡು ದಿನ ಪದೇ ಪದೇ ಬಾತ್‌ರೂಮಿಗೆ ಹೋಗ್ಬೇಕಾಗತ್ತೆ. ಈ ಕೆಲಸಕ್ಕೆ ಒಂದೆರಡು ಗಂಟೆ ಸಾಲಲ್ಲ, ಎರಡು ಮೂರು ದಿನ ಬೇಕು, ಹೊಸ ಕೆಂಪು ರಕ್ತಕಣ ಜಾಸ್ತಿ ಮಾಡ್ಕೊಳ್ಳಕ್ಕೆ ವಾರಗಳೇ ಬೇಕು. ನಮ್ಮ ಹುಡುಗನ ಜಿಮ್ ಬಾಡಿ ಇಲ್ಲಿ ಉಪಯೋಗಕ್ಕೆ ಬರದೇ ಇದ್ದಿದ್ದು ಇದಕ್ಕೇ: ತೋಳು ಗಟ್ಟಿ ಇದ್ದ ಮಾತ್ರಕ್ಕೆ ಕಿಡ್ನಿ ಬೇಗ ಕೆಲಸ ಮುಗಿಸಲ್ಲ. ಜೊತೆಗೆ ಫಿಟ್ ಇರೋರು ಮೊದಲ ದಿನವೇ ಜೋರಾಗಿ ಓಡಾಡ್ಬಿಡ್ತಾರೆ, ಮಂಡಿನೋವಿನ ಅಕ್ಕ ನಿಧಾನಕ್ಕೆ ನಡೀತಾಳೆ.

ಅಲ್ಲೇ ಹುಟ್ಟಿ ಬೆಳೆದ ಐಮಾರಾ ಮತ್ತು ಕೆಚುವಾ ಜನರ ಮೈ ಬೇರೆ ಥರ. ಸಾವಿರಾರು ವರ್ಷದಿಂದ ಅವರ ಪೂರ್ವಜರು ಅಲ್ಲೇ ಇದ್ದಾರೆ, ಅವರ ರಕ್ತದಲ್ಲಿ ಹಿಮೋಗ್ಲೋಬಿನ್ ನಮಗಿಂತ ಜಾಸ್ತಿ. ಟಿಬೆಟಿಯನ್ನರು, ಅಂದ್ರೆ ನಮ್ಮ ಬೈಲುಕುಪ್ಪೆಯಲ್ಲಿರೋರ ಪೂರ್ವಜರು, ಅದೇ ಕಷ್ಟಕ್ಕೆ ಬೇರೆ ದಾರಿ ಹಿಡಿದ್ರು: ಅವರಲ್ಲಿ ಹಿಮೋಗ್ಲೋಬಿನ್ ಅಷ್ಟು ಏರಲ್ಲ, ಉಸಿರಾಟ ಜಾಸ್ತಿ ಇರತ್ತೆ. ಒಂದೇ ಲೆಕ್ಕಕ್ಕೆ ಭೂಮಿಯ ಎರಡು ಮೂಲೇಲಿ ಎರಡು ಉತ್ತರ ಸಿಕ್ಕಿದೆ, ನನಗಂತೂ ಇದು ಯಾವಾಗ ನೆನೆಸ್ಕೊಂಡ್ರೂ ಆಶ್ಚರ್ಯ.

ಸೊರೋಚಿ: ಯಾವಾಗ ಸುಮ್ನಿರ್ಬೇಕು, ಯಾವಾಗ ಗಾಬರಿ ಆಗ್ಲೇಬೇಕು

ಮೈ ಹೊಂದ್ಕೊಳ್ಳೋ ಮುಂಚೆ ಬರೋ ಕಾಯಿಲೆಗೆ ಬೊಲಿವಿಯಾದಲ್ಲಿ ಸೊರೋಚಿ ಅಂತಾರೆ, ನಮ್ಮ ಟ್ರೆಕ್ಕಿಂಗ್ ಹುಡುಗರು ಎಎಂಎಸ್ ಅಂತಾರೆ. ತಲೆನೋವು ಮುಖ್ಯ ಲಕ್ಷಣ, ಜೊತೆಗೆ ವಾಕರಿಕೆ, ಊಟ ಸೇರದೇ ಇರೋದು, ಸುಸ್ತು, ತಲೆಸುತ್ತು. ಇಳಿದ ತಕ್ಷಣ ಬರಲ್ಲ, ಸಾಮಾನ್ಯವಾಗಿ ಆರರಿಂದ ಹನ್ನೆರಡು ಗಂಟೆ ಆದ್ಮೇಲೆ ಬರತ್ತೆ, ಅದಕ್ಕೇ ಬೆಳಿಗ್ಗೆ ಇಳಿದೋರು "ನಮಗೇನೂ ಆಗಿಲ್ಲ" ಅಂತ ಮಧ್ಯಾಹ್ನ ಎಲ್ಲಾ ಸುತ್ತಿ ರಾತ್ರಿ ಹುಷಾರು ತಪ್ತಾರೆ. ಅದೇ ಎತ್ತರದಲ್ಲಿ ರೆಸ್ಟ್ ತಗೊಂಡ್ರೆ ಹೆಚ್ಚಿನೋರಿಗೆ ಒಂದೆರಡು ದಿನದಲ್ಲಿ ಕಮ್ಮಿ ಆಗತ್ತೆ. ತಲೆನೋವು ಇರೋವಾಗ ಇನ್ನೂ ಎತ್ತರಕ್ಕೆ ಹೋಗ್ಬಾರ್ದು, ಇದೊಂದು ಮಾತ್ರ ಬಿಡಬೇಡಿ.

ಕೋವಿಡ್ ಟೈಮಲ್ಲಿ ತಗೊಂಡ ಆಕ್ಸಿಮೀಟರ್ ಮನೇಲಿದ್ರೆ ಬ್ಯಾಗಲ್ಲಿ ಹಾಕ್ಕೊಳ್ಳಿ, ಆದ್ರೆ ಆಗಿನ ಲೆಕ್ಕ ಇಲ್ಲಿ ನಡೆಯಲ್ಲ. ಆಗ 94ಕ್ಕಿಂತ ಕೆಳಗೆ ಬಂದ್ರೆ ಆಸ್ಪತ್ರೆ ಅಂತಿದ್ವಿ. ಲಾ ಪಾಸಲ್ಲಿ ಹೊಸಬರಿಗೆ 85ರಿಂದ 90 ಕಾಣ್ಸೋದು ಮಾಮೂಲಿ. ನಂಬರಿಗಿಂತ ಮನುಷ್ಯನ್ನ ನೋಡಿ.

ಏನು ನೋಡ್ಬೇಕು? ಎರಡು ಅಪಾಯ ಇವೆ, ಅಪರೂಪ, ಆದ್ರೆ ಜೀವಕ್ಕೇ ಬರೋವಂಥವು. ಒಂದು, ಶ್ವಾಸಕೋಶದಲ್ಲಿ ನೀರು ತುಂಬ್ಕೊಳ್ಳೋದು: ಸುಮ್ನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು, ಆಮೇಲೆ ನೊರೆ ನೊರೆ ಕಫ, ಕೆಲವು ಸಲ ಅದರಲ್ಲಿ ರಕ್ತದ ಬಣ್ಣ. ಎರಡು, ಮಿದುಳು ಊದ್ಕೊಳ್ಳೋದು: ಕುಡಿದೋರ ಥರ ತೂರಾಡೋದು, ಮಾತು ತೊದಲೋದು, ಮಂಕಾಗೋದು. ಅನುಮಾನ ಬಂದ್ರೆ ನೆಲದ ಟೈಲ್ಸ್ ಗೆರೆ ಮೇಲೆ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ನಡೆಯಕ್ಕೆ ಹೇಳಿ. ಆಗ್ಲಿಲ್ಲ ಅಂದ್ರೆ ಬೆಳಿಗ್ಗೆವರೆಗೂ ಕಾಯಬೇಡಿ, ಆಸ್ಪತ್ರೆ, ಆಕ್ಸಿಜನ್, ಆಮೇಲೆ ಕೆಳಗಿಳಿಯೋದು.

ಕೆಳಗಿಳಿಯೋದು ಅನ್ನೋದೇ ಲಾ ಪಾಸಲ್ಲಿ ಕಷ್ಟ. ಮ್ಯಾಪಲ್ಲಿ ನೋಡಿದ್ರೆ ಮೂರು ಗಂಟೆ ದಾರೀಲಿ ಕೊರೊಯ್ಕೊ ಅನ್ನೋ ಹಸಿರು ಊರಿದೆ, 2,000 ಮೀಟರ್‌ಗಿಂತ ಕೆಳಗೆ, ಆದ್ರೆ ಅಲ್ಲಿಗೆ ಹೋಗೋ ರಸ್ತೆ ಮೊದ್ಲು 4,600 ಮೀಟರ್ ದಾಟಿದ ಲಾ ಕುಂಬ್ರೆ ಕಣಿವೆದಾರಿ ಹತ್ತಿ ಆಮೇಲೆ ಇಳಿಯತ್ತೆ. ಉಸಿರಾಡಕ್ಕಾಗದೇ ಇರೋರನ್ನ ಆ ದಾರೀಲಿ ಕರ್ಕೊಂಡು ಹೋಗೋ ಹಾಗಿಲ್ಲ. ಸರಿಯಾಗಿ ಇಳಿಯೋದು ಅಂದ್ರೆ ಡಾಕ್ಟರ್ ನೋಡಿ, ಆಕ್ಸಿಜನ್ ಕೊಟ್ಟು, 416 ಮೀಟರ್‌ನಲ್ಲಿರೋ ಸಾಂತಾ ಕ್ರೂಸ್‌ಗೆ ವಿಮಾನದಲ್ಲಿ ಕಳಿಸೋದು. ಹಾರ್ಟ್ ಅಥವಾ ಶ್ವಾಸಕೋಶದ ತೊಂದರೆ ಇರೋರು, ಗರ್ಭಿಣಿಯರು, ಸಿಕಲ್ ಸೆಲ್ ಅನ್ನೋ ರಕ್ತದ ಕಾಯಿಲೆ ಇರೋರು ಟಿಕೆಟ್ ಬುಕ್ ಮಾಡೋ ಮುಂಚೆಯೇ ಡಾಕ್ಟರ್ ಹತ್ರ ಮಾತಾಡಿ ಅಂತ ನಾನು ಒತ್ತಿ ಹೇಳೋದು ಇದಕ್ಕೇ.

ಹಂತ ಹಂತವಾಗಿ ಹತ್ತೋದು

ಪ್ರಯಾಣಿಕರಿಗೆ ಡಾಕ್ಟರ್‌ಗಳು ಹೇಳೋ ಸೂತ್ರ ಸರಳ: ತಗ್ಗಿನ ಊರಿಂದ ಒಂದೇ ದಿನದಲ್ಲಿ 2,750 ಮೀಟರ್‌ಗಿಂತ ಮೇಲೆ ಹೋಗಿ ಮಲಗಬೇಡಿ, ಅದರ ಮೇಲೆ ಹೋದಾಗ ಮಲಗೋ ಎತ್ತರಾನ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬೇಡಿ. ಹಗಲು ಎಲ್ಲಿ ಸುತ್ತಿದ್ರಿ ಅನ್ನೋದಕ್ಕಿಂತ ರಾತ್ರಿ ಎಲ್ಲಿ ಮಲಗಿದ್ರಿ ಅನ್ನೋದು ಮುಖ್ಯ.

ಇದನ್ನ ಬೊಲಿವಿಯಾಗೆ ಹೊಂದಿಸಿದ್ರೆ ದಾರಿ ತಾನಾಗೇ ಕಾಣತ್ತೆ. ಸಾಂತಾ ಕ್ರೂಸ್‌ಗೆ ಇಳಿದು, ಅಲ್ಲಿಂದ 2,550 ಮೀಟರ್‌ನ ಕೊಚಬಾಂಬಾ ಅಥವಾ 2,800 ಮೀಟರ್ ಆಸುಪಾಸಿನ ಸುಕ್ರೆಗೆ ಹೋಗಿ ಎರಡು ಮೂರು ದಿನ ಇದ್ದು, ಆಮೇಲೆ ಲಾ ಪಾಸ್. ಸುಕ್ರೆ ಬಿಳಿ ಗೋಡೆ, ಹೆಂಚಿನ ಮನೆಗಳ ಚಂದದ ಊರು, ದಿನ ವೇಸ್ಟ್ ಆಯ್ತು ಅಂತ ಯಾರಿಗೂ ಅನ್ಸಲ್ಲ. ಪೆರು ಕಡೆಯಿಂದ ಬರೋರು ಕುಸ್ಕೊ, ಟಿಟಿಕಾಕಾ ಸರೋವರ ನೋಡ್ಕೊಂಡು ಬಸ್ಸಲ್ಲಿ ಲಾ ಪಾಸ್‌ಗೆ ಬಂದ್ರೆ ಅಷ್ಟೊತ್ತಿಗೆ ಮೈ ಪಳಗಿರತ್ತೆ, ಸರೋವರವೇ 3,812 ಮೀಟರ್‌ನಲ್ಲಿದೆ. ಆದ್ರೆ ಅವರಿಗೆ ಕಷ್ಟ ಕುಸ್ಕೊದಲ್ಲೇ ಎದುರಾಗತ್ತೆ, ಅದು 3,400 ಮೀಟರ್. ಅವರು ಏರ್‌ಪೋರ್ಟಿಂದ ಸೀದಾ 2,800ರ ಸುಮಾರಿಗಿರೋ ಒಯಾಂತಾಯ್‌ಟಾಂಬೊ ಕಡೆ ಇಳಿದು ಮೊದಲ ಎರಡು ರಾತ್ರಿ ಅಲ್ಲಿ ಮಲಗಿ, ಮಾಚು ಪಿಚು ಮುಗಿಸಿ, ಕೊನೇಲಿ ಕುಸ್ಕೊ ನೋಡೋದು ಒಳ್ಳೇದು. ಮಾಚು ಪಿಚು ಕುಸ್ಕೊಗಿಂತ ಸುಮಾರು 1,000 ಮೀಟರ್ ಕೆಳಗಿದೆ ಅಂತ ಬಹಳ ಜನಕ್ಕೆ ಗೊತ್ತೇ ಇರಲ್ಲ.

ನಾವು ರಜೆ ಇಲ್ಲ ಅಂತ ನೇರ ಎಲ್ ಆಲ್ಟೊಗೆ ಇಳಿದ್ವಿ. ಹಾಗೆ ಇಳಿಯಲೇಬೇಕು ಅಂದ್ರೆ ಮೊದಲೆರಡು ದಿನಕ್ಕೆ ಯಾವ ಟೂರೂ ಬುಕ್ ಮಾಡಬೇಡಿ. ಹೋಟೆಲ್ ಬುಕ್ ಮಾಡುವಾಗ ಲಿಫ್ಟ್ ಇದೆಯಾ, ಆಕ್ಸಿಜನ್ ಸಿಲಿಂಡರ್ ಇಟ್ಟಿದಾರಾ ಅಂತ ಕೇಳಿ. ಊರಿನ ದಕ್ಷಿಣ ಭಾಗ ಸೋನಾ ಸೂರ್ ಅಂತಾರೆ, ಅದು ನಗರದ ಮಧ್ಯಕ್ಕಿಂತ ಮುನ್ನೂರು ಮೀಟರ್‌ನಷ್ಟು ತಗ್ಗು, ವಯಸ್ಸಾದೋರು ಜೊತೆಗಿದ್ರೆ ಅಲ್ಲಿ ರೂಮ್ ಮಾಡಿ. ಮದ್ಯ ಬೇಡ, ನಿದ್ದೆ ಮಾತ್ರೆ ಬೇಡವೇ ಬೇಡ, ಅದು ಮೊದ್ಲೇ ತಡವರಿಸ್ತಿರೋ ಉಸಿರನ್ನ ಇನ್ನೂ ತಗ್ಗಿಸತ್ತೆ. ಊರವರೇ ಒಂದು ಮಾತು ಹೇಳ್ತಾರೆ: ಸ್ವಲ್ಪ ತಿನ್ನು, ಮೆಲ್ಲಗೆ ನಡಿ, ಒಬ್ಬನೇ ಮಲಗು. ಸ್ಪ್ಯಾನಿಷಲ್ಲಿ ಅದು ಪ್ರಾಸದಲ್ಲಿದೆ, ಪೊಕೀತೊ, ದೆಸ್ಪಾಸೀತೊ, ಸೊಲೀತೊ ಅಂತ.

ಮಾತ್ರೆ ಮತ್ತು ಕೋಕಾ ಎಲೆ

ಅಸಿಟಜೋಲಮೈಡ್ ಅನ್ನೋ ಮಾತ್ರೆ, ನಮ್ಮಲ್ಲಿ ಡೈಮಾಕ್ಸ್ ಅಂತ ಗೊತ್ತಿರೋದು, ಇದಕ್ಕೆ ಬಳಸ್ತಾರೆ. ಅದು ಮಾಡೋದು ಏನು ಗೊತ್ತಾ, ಕಿಡ್ನಿ ಎರಡು ಮೂರು ದಿನ ತಗೊಂಡು ಮಾಡೋ ಕೆಲಸಾನ ಬೇಗ ಮಾಡ್ಸತ್ತೆ, ಅಂದ್ರೆ ಆ ಬ್ರೇಕ್ ಬಿಡ್ಸತ್ತೆ. ಸಾಮಾನ್ಯವಾಗಿ ಹತ್ತೋದಕ್ಕೆ ಒಂದು ದಿನ ಮುಂಚೆ ಶುರು ಮಾಡಕ್ಕೆ ಹೇಳ್ತಾರೆ. ಬೆರಳ ತುದಿ ಜುಮುಗುಡೋದು, ಸೋಡಾ ರುಚಿ ಕೆಟ್ಟ ಹಾಗನ್ಸೋದು ಇದರ ಮಾಮೂಲಿ ಪರಿಣಾಮ. ಸಲ್ಫಾ ಔಷಧಿ ಅಲರ್ಜಿ ಇರೋರು, ಕಿಡ್ನಿ ತೊಂದರೆ ಇರೋರು ಡಾಕ್ಟರ್‌ನ ಕೇಳದೆ ಮುಟ್ಟಬೇಡಿ. ಲಾ ಪಾಸ್‌ನ ಮೆಡಿಕಲ್ ಶಾಪಲ್ಲಿ ಸೊರೋಚಿ ಪಿಲ್ಸ್ ಅಂತಲೇ ಮಾರ್ತಾರೆ, ಅದರಲ್ಲಿರೋದು ನೋವಿನ ಮಾತ್ರೆ ಮತ್ತು ಕೆಫೀನ್, ತಲೆನೋವು ಕಮ್ಮಿ ಮಾಡತ್ತೆ, ಮೈ ಹೊಂದ್ಕೊಳ್ಳೋದನ್ನ ಬೇಗ ಮಾಡ್ಸಲ್ಲ.

ಹೋಟೆಲ್‌ಗೆ ಕಾಲಿಟ್ಟ ತಕ್ಷಣ ಬಿಸಿ ನೀರು, ಅದರಲ್ಲಿ ಹಸಿರು ಎಲೆ. ಅದೇ ಮಾತೆ ದೆ ಕೋಕಾ, ಕೋಕಾ ಎಲೆಯ ಕಷಾಯ. ನಮ್ಮಲ್ಲಿ ಮನೆಗೆ ಬಂದೋರಿಗೆ ಎಲೆ ಅಡಿಕೆ ತಟ್ಟೆ ಮುಂದಿಡೋ ಹಾಗೆ ಆಂಡಿಸ್ ಬೆಟ್ಟಸಾಲಿನ ಈ ಊರುಗಳಲ್ಲಿ ಕೋಕಾ, ಪೂಜೆಗೂ ಬೇಕು, ಹೊಲದ ಕೆಲಸಕ್ಕೂ ಬೇಕು, ಗಣಿಯೊಳಗೂ ಬೇಕು. ಎಲೆಯಾಗಿ ಅದು ಚಹಾ ಕಾಫಿ ಥರ ಹಗುರ ಚುರುಕು ಕೊಡತ್ತೆ, ಕೊಕೇನ್ ಮಾಡಕ್ಕೆ ರಾಸಾಯನಿಕ ಹಾಕಿ ಬೇರ್ಪಡಿಸಬೇಕು. 1961ರ ವಿಶ್ವಸಂಸ್ಥೆಯ ಒಪ್ಪಂದ ಎಲೇನೂ ಮಾದಕವಸ್ತುಗಳ ಪಟ್ಟಿಗೆ ಸೇರಿಸಿದೆ, ಬೊಲಿವಿಯಾ ಅದನ್ನ ಒಪ್ಪದೆ ಒಪ್ಪಂದದಿಂದಲೇ ಹೊರಗೆ ಹೋಗಿ, ಎಲೆ ಜಗಿಯೋ ಹಕ್ಕು ಉಳಿಸ್ಕೊಂಡು 2013ರಲ್ಲಿ ವಾಪಸ್ ಸೇರ್ಕೊಳ್ತು. ಸೊರೋಚಿಗೆ ಕೋಕಾ ಔಷಧಿ ಅಂತ ಗಟ್ಟಿ ಪುರಾವೆ ಇಲ್ಲ, ಆದ್ರೆ ಬಿಸಿಯಾಗಿ ಕುಡಿದ್ರೆ ಹಿತ ಅನ್ಸತ್ತೆ, ನಾನು ದಿನಾ ಕುಡಿದೆ. ಒಂದು ಎಚ್ಚರ: ಭಾರತದಲ್ಲಿ ಕೋಕಾ ಎಲೆ ಮಾದಕವಸ್ತು ತಡೆಯೋ 1985ರ ಎನ್‌ಡಿಪಿಎಸ್ ಕಾಯ್ದೆ ಕೆಳಗೆ ಬರತ್ತೆ. ಒಂದೇ ಒಂದು ಟೀ ಬ್ಯಾಗ್ ಕೂಡ ಊರಿಗೆ ತರಬೇಡಿ. ಅಮೆರಿಕದಲ್ಲಿ ಕೆಲಸಕ್ಕೆ ಡ್ರಗ್ ಟೆಸ್ಟ್ ಇರೋರು ಕುಡಿಯೋದೂ ಬೇಡ, ಟೆಸ್ಟಲ್ಲಿ ಪಾಸಿಟಿವ್ ಬರಬಹುದು.

ಬಟ್ಟಲಿನೊಳಗಿನ ಊರು

ಮೂರನೇ ದಿನ ತಲೆನೋವು ಬಿಟ್ಟು ಹೊರಗೆ ಬಂದಾಗ ಊರಿನ ಆಕಾರ ಅರ್ಥ ಆಯ್ತು. ಮೇಲೆ ಮೇಜಿನ ಥರ ಸಪಾಟಾದ ಬಯಲು, ಅದನ್ನ ಆಲ್ಟಿಪ್ಲಾನೊ ಅಂತಾರೆ. ಆ ಬಯಲಿನ ಅಂಚಲ್ಲಿ ಎಲ್ ಆಲ್ಟೊ. ಅಂಚಿಂದ ಕೆಳಗೆ ಚೊಕೆಯಾಪು ನದಿ ಕೊರೆದ ಆಳವಾದ ಕಣಿವೆ, ಅದರೊಳಗೆ ಲಾ ಪಾಸ್. ಸ್ಪೇನಿನವರು 1548ರ ಅಕ್ಟೋಬರ್‌ನಲ್ಲಿ ಊರು ಸ್ಥಾಪಿಸಿದ್ದು ಮೇಲಿನ ಬಯಲಲ್ಲಿ, ಲಾಹಾ ಅನ್ನೋ ಕಡೆ, ಆಮೇಲೆ ಕಣಿವೆಗೆ ಇಳಿಸಿದ್ರು. ಮೇಲೆ ಹಲ್ಲು ಕಟಕಟ ಅನ್ನೋ ಗಾಳೀಲಿ ಹತ್ತು ನಿಮಿಷ ನಿಂತ್ರೆ ಅದರ ಅರ್ಥ ಗೊತ್ತಾಗತ್ತೆ.

ಬೇರೆ ಎಷ್ಟೋ ಊರಲ್ಲಿ ದುಡ್ಡಿರೋರು ಗುಡ್ಡದ ಮೇಲೆ ಮನೆ ಕಟ್ತಾರೆ. ಇಲ್ಲಿ ಇಳಿದಷ್ಟೂ ಗಾಳಿ ಜಾಸ್ತಿ, ಬೆಚ್ಚಗೆ ಜಾಸ್ತಿ, ಹಾಗಾಗಿ ಶ್ರೀಮಂತರು ತಳದ ಸೋನಾ ಸೂರ್‌ನಲ್ಲಿ, ಹಳ್ಳಿಗಳಿಂದ ಬಂದ ಐಮಾರಾ ಜನ ಮೇಲಿನ ಇಳಿಜಾರಲ್ಲಿ ಮತ್ತು ಎಲ್ ಆಲ್ಟೊದಲ್ಲಿ, ಗಾರೆ ಮಾಡದ ಕೆಂಪು ಇಟ್ಟಿಗೆ ಮನೆಗಳಲ್ಲಿ.

ಈ ಎರಡನ್ನೂ ಈಗ ಕೂಡಿಸಿರೋದು ಕೇಬಲ್ ಕಾರು. ಹೆಸರು ಮಿ ಟೆಲೆಫೆರಿಕೊ, ಅಂದ್ರೆ ನನ್ನ ಕೇಬಲ್ ಕಾರು. 2014ರಲ್ಲಿ ಕೆಂಪು ಲೈನಿಂದ ಶುರುವಾಗಿ ಈಗ ಹತ್ತು ಲೈನು, ಒಟ್ಟು ಸುಮಾರು 30 ಕಿಲೋಮೀಟರ್. ನಮ್ಮ ಮೆಟ್ರೊದಲ್ಲಿ ನೇರಳೆ, ಹಸಿರು ಅಂತ ಇರೋ ಹಾಗೆ ಅಲ್ಲೂ ಬಣ್ಣದ ಹೆಸರೇ. ಟೂರಿಸ್ಟ್‌ಗಳಿಗೆ ಅಂತ ಕಟ್ಟಿದ್ದಲ್ಲ, ಬೆಳಿಗ್ಗೆ ಎಂಟಕ್ಕೆ ಹತ್ತಿದ್ರೆ ಪಕ್ಕದಲ್ಲಿ ಯೂನಿಫಾರ್ಮ್ ಹಾಕಿದ ಮಕ್ಕಳು, ಎದುರಿಗೆ ದಪ್ಪ ನೆರಿಗೆ ಲಂಗ, ತಲೆ ಮೇಲೆ ಪುಟ್ಟ ದುಂಡು ಹ್ಯಾಟು, ಬೆನ್ನಿಗೆ ಬಣ್ಣದ ಬಟ್ಟೇಲಿ ಮಗು ಕಟ್ಕೊಂಡ ಐಮಾರಾ ಹೆಂಗಸರು. ಈ ಉಡುಪಲ್ಲಿ ಬಂದ್ರೆ ಹಿಂದೆ ಊರಿನ ಕೆಲವು ಜಾಗಕ್ಕೆ ಅವರನ್ನ ಬಿಡ್ತಾನೇ ಇರಲಿಲ್ಲ. ಈಗ ಅದೇ ಉಡುಪಲ್ಲಿ ಪಾರ್ಲಿಮೆಂಟಲ್ಲಿ ಕೂರ್ತಾರೆ. ಫೋಟೊ ತೆಗೆಯೋ ಮುಂಚೆ ದಯವಿಟ್ಟು ಕೇಳಿ, ಬೇಡ ಅಂದ್ರೆ ಬಿಟ್ಬಿಡಿ. ಇನ್ನೊಂದು, ತಳದಿಂದ ಎಲ್ ಆಲ್ಟೊಗೆ ಲೈನ್ ಬದಲಾಯಿಸ್ಕೊಂಡು ಹೋದ್ರೆ ಕೂತಲ್ಲೇ 700 ಮೀಟರ್‌ಗೂ ಜಾಸ್ತಿ ಏರಿರ್ತೀರ, ಮೊದಲನೇ ದಿನಕ್ಕೆ ಇದು ಬೇಡ.

ಬಟ್ಟಲಿನ ಅಂಚಲ್ಲಿ ಕೂತೋರ ಕೈಲಿ ಬಟ್ಟಲು ಇರತ್ತೆ. 1781ರಲ್ಲಿ ತುಪಾಕ್ ಕಟಾರಿ, ಬಾರ್ತೊಲಿನಾ ಸಿಸಾ ದಂಪತಿ ಐಮಾರಾ ಸೈನ್ಯ ಕಟ್ಕೊಂಡು ಮೇಲಿಂದ ಸ್ಪ್ಯಾನಿಷ್ ಊರಿಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ್ರು, ಕೆಳಗೆ ತಿನ್ನಕ್ಕೆ ಇಲ್ಲದೆ ಜನ ಸತ್ರು. 2003ರ ಅಕ್ಟೋಬರ್‌ನಲ್ಲಿ ಗ್ಯಾಸ್ ರಫ್ತಿನ ವಿರುದ್ಧ ಎಲ್ ಆಲ್ಟೊ ಜನ ಅದೇ ರಸ್ತೆಗಳನ್ನ ಬಂದ್ ಮಾಡಿದ್ರು, ಸೈನ್ಯದ ಗುಂಡಿಗೆ ಹತ್ತಾರು ಜನ ಸತ್ತು, ಕೊನೆಗೆ ಅಧ್ಯಕ್ಷ ರಾಜೀನಾಮೆ ಕೊಟ್ಟು ದೇಶ ಬಿಟ್ರು. ಇವತ್ತಿಗೂ ಬ್ಲೊಕೆಯೊ, ಅಂದ್ರೆ ರಸ್ತೆತಡೆ, ಅಲ್ಲಿನ ಪ್ರತಿಭಟನೆಯ ಮುಖ್ಯ ದಾರಿ. ಏರ್‌ಪೋರ್ಟೂ ಮೇಲೇ ಇರೋದ್ರಿಂದ ವಾಪಸ್ ಫ್ಲೈಟ್‌ಗೆ ಮುಂಚೆ ಒಂದು ದಿನ ಖಾಲಿ ಇಟ್ಕೊಳ್ಳಿ.

ಅನ್ನ ಬೇಯಲ್ಲ, ಆಲೂಗಡ್ಡೆ ಒಣಗತ್ತೆ

ಒತ್ತಡ ಕಮ್ಮಿ ಆದ್ರೆ ನೀರು ಬೇಗ ಕುದಿಯತ್ತೆ. ಲಾ ಪಾಸಲ್ಲಿ ಸುಮಾರು 88 ಡಿಗ್ರಿಗೇ ಕುದಿ ಬಂದುಬಿಡತ್ತೆ, ಎಷ್ಟೇ ಉರಿ ಜಾಸ್ತಿ ಮಾಡಿದ್ರೂ ಅದಕ್ಕಿಂತ ಬಿಸಿ ಆಗಲ್ಲ. ಹಾಗಾಗಿ ಪಾತ್ರೇಲಿ ಅನ್ನ, ಬೇಳೆ ಬೇಯಕ್ಕೆ ತುಂಬಾ ಹೊತ್ತು ಬೇಕು. ಕುಕ್ಕರ್ ಒಳಗೆ ಹಬೆ ಕಟ್ಟಿ ಒತ್ತಡ ಏರಿಸೋದ್ರಿಂದ ಈ ಕಷ್ಟ ತಪ್ಪತ್ತೆ, ಲಾ ಪಾಸ್ ಅಡುಗೆಮನೇಲೂ ಅದೇ ಆಧಾರ. ಅಡುಗೆ ಮಾಡ್ಕೊಳ್ಳೋ ಮನೆ ಬಾಡಿಗೆಗೆ ತಗೊಂಡ್ರೆ ಕುಕ್ಕರ್ ಇದೆಯಾ ಅಂತ ಕೇಳಿ, ಅಕ್ಕ ಮಾಡಿದ ಮೊದಲ ಸಾರಿನಲ್ಲಿ ಬೇಳೆ ಬೇಳೆಯಾಗೇ ಇತ್ತು.

ಅದೇ ಹವೆ ಇನ್ನೊಂದು ಕಡೆ ಉಪಕಾರಕ್ಕೂ ಬರತ್ತೆ. ಚುನ್ಯೊ ಅಂತ ಕಪ್ಪಗೆ, ಹಗುರವಾಗಿ, ಕಲ್ಲಿನ ಥರ ಕಾಣೋ ಆಲೂಗಡ್ಡೆ ಅಲ್ಲಿ ಮಾರ್ಕೆಟ್ ತುಂಬ. ಜೂನ್, ಜುಲೈನಲ್ಲಿ ಮೇಲಿನ ಬಯಲಲ್ಲಿ ರಾತ್ರಿ ಹೆಪ್ಪುಗಟ್ಟೋ ಚಳಿ, ಹಗಲು ಸುಡೋ ಬಿಸಿಲು. ಸಣ್ಣ ಆಲೂಗಡ್ಡೆ ಬಯಲಲ್ಲಿ ಹರಡ್ತಾರೆ, ರಾತ್ರಿ ಅದು ಹೆಪ್ಪುಗಟ್ಟತ್ತೆ, ಬೆಳಿಗ್ಗೆ ಕರಗತ್ತೆ, ಬರಿಗಾಲಲ್ಲಿ ತುಳಿದು ನೀರು ಹಿಂಡ್ತಾರೆ, ಮತ್ತೆ ಒಣಗಿಸ್ತಾರೆ. ನಮ್ಮ ಅಜ್ಜಿಯರು ಬೇಸಿಗೇಲಿ ಸಂಡಿಗೆ ಇಟ್ಟು ವರ್ಷಕ್ಕಾಗೋಷ್ಟು ಡಬ್ಬಿ ತುಂಬ್ತಿದ್ರಲ್ಲ, ಇದು ಅದೇ ಬುದ್ಧಿವಂತಿಕೆ, ಆದ್ರೆ ಚುನ್ಯೊ ವರ್ಷಗಟ್ಟಲೆ ಕೆಡಲ್ಲ.

ಸಸ್ಯಾಹಾರಿಗಳಿಗೆ: "ಸಿನ್ ಕಾರ್ನೆ" ಅಂದ್ರೆ ಮಾಂಸ ಬೇಡ ಅಂತ ಅರ್ಥ, ಆದ್ರೆ ಕಾರ್ನೆ ಅಂದ್ರೆ ದನದ ಮಾಂಸ ಅಂತಲೇ ತಿಳ್ಕೊಂಡು ಕೋಳಿ ಹಾಕಿ ಕೊಡೋ ಸಾಧ್ಯತೆ ಇದೆ, "ಸಿನ್ ಪೊಯ್ಯೊ" ಅಂತಾನೂ ಹೇಳಿ. ಬೆಳಿಗ್ಗೆ ಹೊತ್ತು ಸಿಗೋ ಸಾಲ್ತೆನ್ಯಾ ನಮ್ಮ ಕಜ್ಜಾಯದಂಥದ್ದಲ್ಲ, ಕರ್ಜಿಕಾಯಿ ಆಕಾರದ್ದು, ಒಳಗೆ ಹೆಚ್ಚಾಗಿ ಮಾಂಸ. ಕಡಲೆಕಾಯಿ ಸೂಪಿಗೂ ಸಾಮಾನ್ಯವಾಗಿ ಮಾಂಸದ ನೀರೇ. ನಮಗೆ ಹೊಟ್ಟೆ ತುಂಬಿಸಿದ್ದು ಪ್ಲಾತೊ ಪಾಸೆನ್ಯೊ: ಬೇಯಿಸಿದ ಜೋಳದ ತೆನೆ, ಆಲೂಗಡ್ಡೆ, ಅವರೆಕಾಳಿನ ದೊಡ್ಡಣ್ಣನ ಥರ ಇರೋ ಹಾಬಾ ಕಾಳು, ಹುರಿದ ಚೀಸು. 1781ರ ಮುತ್ತಿಗೇಲಿ ಬೇರೇನೂ ಸಿಗದೆ ಹುಟ್ಟಿದ ಊಟ ಇದು ಅಂತ ಊರಲ್ಲಿ ಕಥೆ ಇದೆ. ಚಳಿ ಸಂಜೆಗೆ ನೇರಳೆ ಜೋಳದ ಬಿಸಿ ಗಂಜಿ, ಅದಕ್ಕೆ ಆಪಿ ಅಂತಾರೆ, ಚಕ್ಕೆ ಲವಂಗದ ಘಮ, ಜೊತೆಗೆ ಚೀಸ್ ತುಂಬಿ ಕರಿದ ಪಾಸ್ತೆಲ್. ಅಕ್ಕ ಎರಡು ಲೋಟ ಕುಡಿದ್ಳು.

ಮತ್ತೆ ಆ ಫುಟ್‌ಬಾಲ್ ಮ್ಯಾಚು

ಬಂದ ಟೀಮಿನೋರಿಗೆ ಎರಡು ಕಷ್ಟ. ಓಡಿದ್ಮೇಲೆ ಸುಧಾರಿಸ್ಕೊಳ್ಳಕ್ಕೆ ಜಾಸ್ತಿ ಹೊತ್ತು ಬೇಕು, ಜೊತೆಗೆ ತೆಳು ಗಾಳೀಲಿ ಬಾಲ್‌ಗೆ ತಡೆ ಕಮ್ಮಿ, ಅಂದಾಜಿಗಿಂತ ಬೇಗ ಬರತ್ತೆ, ಕಮ್ಮಿ ತಿರುಗತ್ತೆ. 1993ರಲ್ಲಿ ಬ್ರೆಜಿಲ್ ವಿಶ್ವಕಪ್ ಅರ್ಹತಾ ಪಂದ್ಯಗಳಲ್ಲಿ ಮೊದಲ ಸಲ ಸೋತಿದ್ದು ಲಾ ಪಾಸಲ್ಲೇ. 2007ರಲ್ಲಿ ಫಿಫಾ 2,500 ಮೀಟರ್‌ಗಿಂತ ಮೇಲೆ ಅಂತರರಾಷ್ಟ್ರೀಯ ಮ್ಯಾಚ್ ಬೇಡ ಅಂತ ಹೇಳಿ, ಗಲಾಟೆ ಆಗಿ, 2008ರಲ್ಲಿ ಹಿಂದೆ ತಗೊಳ್ತು. 2009ರಲ್ಲಿ ಮರಡೋನಾ ಕೋಚ್ ಆಗಿದ್ದ ಅರ್ಜೆಂಟೀನಾ ಲಾ ಪಾಸಲ್ಲಿ 6-1ರಿಂದ ಸೋತಿತು. 2024ರಿಂದ ಬೊಲಿವಿಯಾ ಇನ್ನೂ ಮೇಲೆ, ಎಲ್ ಆಲ್ಟೊದಲ್ಲೇ ಆಡಕ್ಕೆ ಶುರು ಮಾಡಿತು.

ಬಿಸಿಲು, ಬ್ಯಾಗು, ವಾಪಸ್ ದಾರಿ

ಗಾಳಿ ತೆಳ್ಳಗಿದ್ರೆ ಸೂರ್ಯನ ಅಲ್ಟ್ರಾವಯೊಲೆಟ್ ಕಿರಣಾನ ತಡೆಯೋದೂ ಕಮ್ಮಿ, ಪ್ರತಿ 1,000 ಮೀಟರ್‌ಗೆ ಹತ್ತು ಪರ್ಸೆಂಟ್ ಹಾಗೆ ಜಾಸ್ತಿ ಆಗತ್ತೆ. ಚಳಿ ಇದೆ ಅಂತ ಸನ್‌ಸ್ಕ್ರೀನ್ ಹಚ್ಚದೆ ಹೋದ ಭಾವನ ಮೂಗು ಎರಡೇ ದಿನಕ್ಕೆ ಸಿಪ್ಪೆ ಎದ್ದಿತ್ತು. ಬಿಸಿಲಲ್ಲಿ ಟೀ ಶರ್ಟ್ ಸಾಕು, ನೆರಳಿಗೆ ಬಂದ್ರೆ ಸ್ವೆಟರ್ ಬೇಕು, ರಾತ್ರಿ ಜಾಕೆಟ್. ನಮ್ಮ ಬೇಸಿಗೆ ರಜೆ ಮುಗಿದು ಸ್ಕೂಲು ಶುರುವಾಗೋ ಜೂನ್ ಅಲ್ಲಿ ಒಣ ಚಳಿಗಾಲ. ಮಳೆ ಡಿಸೆಂಬರ್‌ನಿಂದ ಮಾರ್ಚ್, ಉಯುನಿ ಬಯಲು ಕನ್ನಡಿ ಆಗೋದು ಆ ಮಳೆ ನೀರು ನಿಂತಾಗ, ಜನವರಿಯಿಂದ ಮಾರ್ಚ್‌ವರೆಗೆ. ಬಯಲು ಇರೋದು 3,656 ಮೀಟರ್‌ನಲ್ಲಿ, ಆದ್ರೆ ಮೂರು ದಿನದ ಜೀಪ್ ಟೂರು ಬಿಸಿನೀರಿನ ಬುಗ್ಗೆ ತೋರ್ಸಕ್ಕೆ 4,800 ಮೀಟರ್ ದಾಟತ್ತೆ. ಲಾ ಪಾಸ್‌ನಲ್ಲಿ ಕೆಲವು ದಿನ ಇದ್ದು ಆಮೇಲೆ ಹೋಗಿ.

ಕೊನೇದಾಗಿ ಹಳದಿ ಜ್ವರದ ಲಸಿಕೆ. ಲಾ ಪಾಸ್ ಚಳೀಲಿ ಆ ಸೊಳ್ಳೆ ಇಲ್ಲ, ಆದ್ರೆ ಬೊಲಿವಿಯಾದ ತಗ್ಗಿನ ಕಾಡುಗಳಲ್ಲಿ ಇದೆ, ಹಾಗಾಗಿ ಆ ದೇಶದಿಂದ ಭಾರತಕ್ಕೆ ಬರೋರ ಹತ್ರ ಸರ್ಟಿಫಿಕೇಟ್ ಇರಲೇಬೇಕು, ಇಲ್ಲ ಅಂದ್ರೆ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡ್ತಾರೆ. ಲಸಿಕೆ ಹಾಕ್ಸಿ ಹತ್ತು ದಿನ ಆದ್ಮೇಲೆ ಮಾತ್ರ ಸರ್ಟಿಫಿಕೇಟ್ ನಡೆಯತ್ತೆ, ಕೊನೇ ವಾರದಲ್ಲಿ ಓಡಾಡಿದ್ರೆ ಆಗಲ್ಲ. ಪೆರುಗೂ ಇದೇ ನಿಯಮ. 60 ದಾಟಿದೋರು ಲಸಿಕೆಗೆ ಮುಂಚೆ ಡಾಕ್ಟರ್‌ನ ಕೇಳ್ಬೇಕು, ಅಪ್ಪ ಅಮ್ಮನ ಜೊತೆ ಹೋಗೋರಿಗೆ ಇದನ್ನ ನೆನಪಿಸ್ತಿದೀನಿ.

ವಾಪಸ್ ಬರೋ ದಿನ ಎಲ್ ಆಲ್ಟೊ ಏರ್‌ಪೋರ್ಟಲ್ಲಿ ಸೆಕ್ಯೂರಿಟಿ ಮುಗಿಸಿ ನೀರು ಕುಡಿದು, ಖಾಲಿ ಬಾಟಲಿ ಮುಚ್ಚಳ ಬಿಗಿಯಾಗಿ ತಿರುಗಿಸಿ ಬ್ಯಾಗಲ್ಲಿಟ್ಟಿದ್ದೆ. ಸಾಂತಾ ಕ್ರೂಸಲ್ಲಿ ಇಳಿದು ತೆಗೆದು ನೋಡಿದ್ರೆ ಯಾರೋ ಕೈಯಲ್ಲಿ ಹಿಂಡಿದ ಹಾಗೆ ಚಪ್ಪಟೆ ಆಗಿತ್ತು. ಅಕ್ಕನ ಮಗ ಮುಚ್ಚಳ ತೆಗೆದ, ಸುಯ್ ಅಂತ ಗಾಳಿ ಒಳಗೆ ಹೋಯ್ತು.